ಎರಡನೇ ಊರಿನ ಮಾತು

ಮಸ್ಕಿಯಲ್ಲಿ ನನ್ನ ಅಂಗಡಿಯ ಎದುರಿಗೆ ಒಂದು ಹೋಟೆಲಿದೆ. ಬೆಳಿಗ್ಗೆ ಅಲ್ಲಿ ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆಗೆಂದು ಹಸಿಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಘಾಟು ರಸ್ತೆ ದಾಟಿ ಬಂದು ನನ್ನ ಮೂಗಿಗೆ ಹತ್ತುತ್ತದೆ. ಮೊದಲು ಒಂದು ಸೀನು ಬಂದು ಮುಗಿಯುತ್ತಿತ್ತು. ಈಗ ಸೀನಿನ ಹಿಂದೆಯೇ ಒಂದು ಬೆಳಗೂ ಬರುತ್ತದೆ. ಬಂದು, ಗಿರಾಕಿಯಂತೆ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತದೆ. ಏನು ಬೇಕೆಂದು ಕೇಳಿದರೆ ಹೇಳುವುದಿಲ್ಲ.

ಆ ಬೆಳಿಗ್ಗೆ ನಮ್ಮ ಮನೆಯಲ್ಲೂ ಒಗ್ಗರಣೆಯೇ ಇತ್ತು. ನನ್ನ ಹೆಂಡತಿ ಸುಜಾತಾ ಸಂತೆಕಲ್ಲೂರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್. ಆ ಕಡೆಯ ಜನರ ಬಾಯಲ್ಲಿ ಬರೀ ಸಿಸ್ಟರ್. ಆ ಕಡೆ ಓಡುವ ಟಂಟಂ ಆಟೋ ತಪ್ಪೀತೆಂದು ದಿನಾಲೂ ಬೇಗ ತಯಾರಾಗುತ್ತಿದ್ದಳು, ಟಂಟಂ ಬರುವವರೆಗಿನ ಹೊತ್ತನ್ನು ನನ್ನ ತಪ್ಪು ಹುಡುಕುವುದಕ್ಕೆ ಬಳಸುತ್ತಿದ್ದಳು. ನಾನು ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವವನು. ಅಂದು ವಾರ್ನಿಶ್ ಹತ್ತಿದ ಕೈಯಿಂದ ಹಾಲಿನ ಪಾತ್ರೆ ಹಿಡಿದಿದ್ದೆ.

"ಹಾಲಿಗೂ ವೈಂಡಿಂಗ್ ಮಾಡ್ತೀರೇನು?" ಎಂದಳು.

"ಕೈ ತೊಳಕೊಂಡೀನಿ."

"ಯಾವಾಗ? ನಿನ್ನೆ?"

ಇಂಥ ಮಾತು ನಮ್ಮಲ್ಲಿ ದಿನವೂ ನಡೆಯುತ್ತಿತ್ತು. ಅಂದಿನದನ್ನು ಬೇರೆಯಾಗಿ ನೆನಪಿಟ್ಟುಕೊಳ್ಳಬೇಕಾದ ಕಾರಣವೇ ಇರಲಿಲ್ಲ. ಚಪ್ಪಲಿ ಮೆಟ್ಟುತ್ತ ಆಕೆ ಇನ್ನೊಂದು ಮಾತು ಆಡಿದಳು.

"ಹಾಸ್ಟೆಲ್ ಹುಡುಗ್ಯಾರ ವಿಚಾರ ಮಾಡಾಕತ್ತೀನ್ರೀ. ಬ್ಯಾರೆನ ಒಂದು ಹೊಳದೈತಿ."

"ಏನು?"

"ಸಿಂಧನೂರಾಗ ಹೇಳ್ತೀನಿ. ಈಗ ನಿಮಗ ಹೇಳಿದ್ರ ನಮ್ಮ ರಿವಾಜು ನಾನ ಮುರದಂಗ ಆಗ್ತೈತಿ."

"ನಾ ಏನ್ ಓಡಿ ಹೋಗಿ ಗೌಡ್ರಿಗೆ ಹೇಳ್ತೀನೇನು?"

"ಗೌಡ್ರಿಗೆ ಹೇಳೂದಿಲ್ಲ. ನಿಮ್ಮ ಮೋಟಾರಿಗೆ ಹೇಳ್ತೀರಿ. ಅವು ಊರೂರು ತಿರಗ್ತಾವ."

ಟಂಟಂ ಹಾರ್ನ್ ಕೇಳಿತು. ಹೋದಳು. ಮಧ್ಯಾಹ್ನ ಸಂತೆಕಲ್ಲೂರಿನಿಂದ ಫೋನ್ ಬಂತು. ಒಂದು ಕೂಸಿಗೆ ಚುಚ್ಚುಮದ್ದು ಹಾಕಿ, ಕೈ ತೊಳೆಯಲು ಎದ್ದವಳು ಹಾಗೆಯೇ ಗೋಡೆಗೆ ಒರಗಿ ಕೂತಳಂತೆ. ಹೃದಯಾಘಾತ ಎಂದರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆದರೆ ಆ ರಿವಾಜಿನ ಬಗ್ಗೆ ಬರೆಯಬಹುದು. ಅದನ್ನು ಹೇಳದಿದ್ದರೆ, ಮನೆಯಲ್ಲಿ ಗಂಡನಿಗೂ ಹೇಳದಂಥ ಗುಟ್ಟು ಏನಿತ್ತಪ್ಪ ಎಂದು ನೀವು ಏನೇನೋ ಅಂದುಕೊಂಡೀರಿ. ಗುಟ್ಟು ಏನೂ ಇರಲಿಲ್ಲ. ಸಿಂಧನೂರಿನಲ್ಲಿ ಪಿಯು ಕಾಲೇಜಿಗೆ ಹೋಗುವ ಹಳ್ಳಿ ಹುಡುಗಿಯರಿಗೆಂದು ಒಂದು ಸಣ್ಣ ಹಾಸ್ಟೆಲ್ ಇದೆ. ನಡೆಸುವ ದಾನಿಗಳು ಬೇರೆ ಊರಿನವರು. ಹಾಸ್ಟೆಲ್ ಹೇಗೆ ನಡೆಯಬೇಕು ಎಂದು ಹೇಳಲು ಈ ಕಡೆಯವರದೇ ಒಂದು ಸಲಹಾ ಮಂಡಳಿ ಮಾಡಿಟ್ಟಿದ್ದಾರೆ. ಹೆಸರಿಗೆ ಸಲಹೆ. ಆದರೆ ಮಂಡಳಿ ಹೇಳಿದ್ದನ್ನು ದಾನಿಗಳು ಒಲ್ಲೆ ಎಂದದ್ದನ್ನು ನಾನಂತೂ ಕೇಳಿಲ್ಲ.

ಮಂಡಳಿಯಲ್ಲಿ ಐದು ಜನ. ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರು ಸಭೆ ನಡೆಸುವವರು. ತುರ್ವಿಹಾಳದ ವೀರನಗೌಡರು ಕಾಲುವೆ ನೀರಿನ ಭತ್ತದ ಗದ್ದೆಗಳವರು, ದೊಡ್ಡ ದನಿಯವರು. ಲಿಂಗಸುಗೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಶಮೀಮ್ ಆಪಾ. ಹಾಸ್ಟೆಲಿನ ವಾರ್ಡನ್ ಗಿರಿಜಮ್ಮ. ಐದನೆಯವಳು ಸುಜಾತಾ. ನಾನು ಮಂಡಳಿಯಲ್ಲಿ ಯಾರೂ ಅಲ್ಲ. ಸಭೆ ಮಸ್ಕಿಯ ನಮ್ಮ ಮನೆಯಲ್ಲಿ ಆದಾಗ ಚಹಾ ಮಾಡುವವನು. ಚಹಾ ಸೋಸುತ್ತ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಸಕ್ಕರೆ ಕೆಲವೊಮ್ಮೆ ಎರಡು ಸಲ ಬೀಳುತ್ತಿದ್ದದ್ದು ಅದಕ್ಕೇ.

ಮೊದಮೊದಲು ಅವರ ಸಭೆ ಎಂದರೆ ಜಗಳವೇ. ದೊಡ್ಡ ಜಗಳ ಊಟದ್ದು. ಕಾಲುವೆ ಕಡೆಯ ಹುಡುಗಿಯರಿಗೆ ಅನ್ನ ಬೇಕು. ಸಂತೆಕಲ್ಲೂರು ಕಡೆಯ, ಮಳೆ ನಂಬಿದ ಊರುಗಳ ಹುಡುಗಿಯರಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಉಂಡಂತೆಯೇ ಅನಿಸುವುದಿಲ್ಲ. ಇರುವ ಒಬ್ಬ ಅಡುಗೆಯಾಕೆ ಅಷ್ಟು ಜನಕ್ಕೆ ರೊಟ್ಟಿ ಬಡಿಯುವುದು ಹೇಗೆ? ಗೌಡರು ಎಲ್ಲರನ್ನೂ ತುರ್ವಿಹಾಳಕ್ಕೆ ಕರೆದು, ಹೋಳಿಗೆ ಊಟ ಹಾಕಿಸಿ, ಪಡಸಾಲೆಯಲ್ಲಿ ಕೂರಿಸಿ, "ಎರಡೂ ಹೊತ್ತು ಅನ್ನ ಮಾಡಿಸೂಣು, ಏನಂತೀರಿ?" ಎಂದರು. ಎಲ್ಲರೂ ಹೂಂ ಎಂದರು. ಗೌಡರ ಮನೆಯಲ್ಲಿ ಉಂಡು ಗೌಡರಿಗೆ ಒಲ್ಲೆ ಎನ್ನುವುದು ನಮ್ಮಂಥವರಿಗೆ ರೂಢಿಯಿಲ್ಲ. ನನ್ನ ಅಪ್ಪನಾಗಿದ್ದರೆ ಆ ಪಡಸಾಲೆಯವರೆಗೆ ಹೋಗುತ್ತಲೇ ಇರಲಿಲ್ಲ. ಸುಜಾತಾ ಹೋದಳು, ಕೂತಳು, ಉಂಡಳು, ಹೂಂ ಎಂದಳು. ವಾಪಸು ಬರುವ ಬಸ್ಸಿನಲ್ಲಿ ಬಳಗಾನೂರಿನ ಹತ್ತಿರ ಬರುವಷ್ಟರಲ್ಲಿ ತಲೆನೋವು ಶುರುವಾಯಿತಂತೆ.

ಮುಂದಿನ ಸಭೆ ಲಿಂಗಸುಗೂರಿನಲ್ಲಿ, ಆಪಾ ಹೊಲಿಗೆ ಕಲಿಸುವ ಕೋಣೆಯಲ್ಲಿ. ಅಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಅನ್ನಕ್ಕೆ ಒಲ್ಲೆ ಎಂದರು. ಗೌಡರಿಗೆ ಸಿಟ್ಟು ನೆತ್ತಿಗೇರಿತು.

"ಅಲ್ಲಿ ಹೂಂ, ಇಲ್ಲಿ ಊಹೂಂ. ಮಾತಿಗೆ ನಿಲ್ಲಾರದವ್ರು ಮಂಡಳ್ಯಾಗ ಯಾಕ ಕುಂತೀರಿ?"

ಆಪಾ ಮಷಿನ್‌ನಿಂದ ತಲೆ ಎತ್ತದೆ ಹೇಳಿದರಂತೆ. "ಗೌಡ್ರ, ನಮ್ಮಾಗ ನಿಕಾ ಆಗಬೇಕಾದ್ರ ಕಬೂಲ್ ಐತೇನು, ಕಬೂಲ್ ಐತೇನು ಅಂತ ಮೂರು ಸಲ ಕೇಳ್ತಾರ. ನೀವು ಒಂದ ಸಲ ಕೇಳಿದ್ರಿ. ಅದೂ ಹೋಳಿಗಿ ತಿನಿಸಿ."

"ಹಂಗಾರ ನನ್ನ ಹೋಳಿಗಿ ಯಾಕ ತಿಂದ್ರಿ?"

"ತುಪ್ಪ ಚಲೋ ಇತ್ತು."

ಎಲ್ಲರೂ ನಕ್ಕರು. ಸ್ವಲ್ಪ ತಡವಾಗಿ ಗೌಡರೂ ನಕ್ಕರು. ಆ ನಗು ಆರುವುದರೊಳಗೆ ಸುಜಾತಾ ಒಂದು ಮಾತು ಹೇಳಿದಳು. ಮೂರು ಸಲ ಬೇಡ, ಎರಡು ಸಲ ಕೇಳೋಣ. ಒಂದು ಊರಿನಲ್ಲಿ ಹೂಂ ಎಂದದ್ದನ್ನು ಮುಂದಿನ ಸಭೆಯಲ್ಲಿ, ಇನ್ನೊಂದು ಊರಿನಲ್ಲಿ ಮತ್ತೆ ಕೇಳೋಣ. ಅಲ್ಲೂ ಹೂಂ ಎಂದರೆ ಮಾತ್ರ ಅದು ಮಂಡಳಿಯ ಮಾತು.

ಹೀಗೆ ಶುರುವಾಯಿತು. ಆಮೇಲೆ ಅದಕ್ಕೆ ಕೈಕಾಲು ಬೆಳೆದವು. ಯಾರ ಮನೆಯಲ್ಲಿ ಸಭೆಯೋ ಅವರು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು. ನಡುವೆ ಮನಸ್ಸು ಬದಲಾದರೆ ಯಾರೂ ಹಂಗಿಸಬಾರದು. ಎರಡು ಸಭೆಗಳ ನಡುವೆ ಯಾರೂ ಯಾರನ್ನೂ ನೀವು ಏನು ಹೇಳುತ್ತೀರಿ ಎಂದು ಕೇಳಬಾರದು, ಹೇಳಲೂಬಾರದು. ಬಾರದವರ ಮಾತನ್ನು ಬಂದವರು ಹೇಳುವಂತಿಲ್ಲ. ಇದನ್ನೆಲ್ಲ ಯಾರೂ ಬರೆದಿಡಲಿಲ್ಲ. ಒಂದೊಂದು ಜಗಳಕ್ಕೆ ಒಂದೊಂದು ಹುಟ್ಟಿತು, ಹುಟ್ಟಿದ್ದು ಉಳಿಯಿತು. ನನಗೆ ಇದು ದೊಡ್ಡವರ ಆಟದಂತೆ ಕಾಣುತ್ತಿತ್ತು. ಗೌಡರಿಗಂತೂ ಬಾಯಿ ಕಟ್ಟುವುದೇ ಕಷ್ಟ. ಸುಜಾತಾಳಿಗೆ ಫೋನ್ ಮಾಡಿ, "ನಾ ಏನೂ ಕೇಳಂಗಿಲ್ಲ ತಂಗೀ, ಸುಮ್ನ ನಿಮ್ಮ ಕಡೆ ಮಳಿ ಹೆಂಗೈತಿ ಅಂತ ಮಾಡೀನಿ" ಎನ್ನುತ್ತಿದ್ದರು. ಬಿರುಬೇಸಿಗೆಯಲ್ಲಿ.

ಊಟದ ಜಗಳ ಹೇಗೆ ಮುಗಿಯಿತು ಎಂದು ಹೇಳಿಬಿಡುತ್ತೇನೆ. ಅನ್ನವೋ ರೊಟ್ಟಿಯೋ ಎಂದು ಎಲ್ಲರೂ ಎರಡು ಕಡೆ ಹಿಡಿದು ಜಗ್ಗುತ್ತಿರುವಾಗ ಸುಜಾತಾ ಕಡಕ್ ರೊಟ್ಟಿಯ ಮಾತು ತೆಗೆದಳು. ವಾರಕ್ಕೊಮ್ಮೆ ಮಾಡಿ ಒಣಗಿಸಿ ಇಟ್ಟರೆ ಬೇಕಾದವರು ಮುರಿದುಕೊಂಡು ತಿನ್ನುತ್ತಾರೆ, ಬೇಡದವರಿಗೆ ಅನ್ನ ಇದ್ದೇ ಇದೆ. ಅಷ್ಟು ಸಣ್ಣ ಮಾತು ಇನ್ನಾರಿಗೂ ಹೊಳೆದಿರಲಿಲ್ಲ. ಆಮೇಲೆ ಅದು ಆಕೆಯ ಹೆಸರಿಗೇ ಬಂತು. ಎರಡು ಪಕ್ಷಗಳು ಎದುರುಬದುರು ನಿಂತರೆ, ಸಿಸ್ಟರ್ ಮೂರನೆಯದೇನೋ ತರುತ್ತಾರೆ ಎಂದು ಎಲ್ಲರೂ ಆಕೆಯ ಮುಖ ನೋಡುವುದು ಶುರುವಾಯಿತು. ನಿಜ ಹೇಳಬೇಕೆಂದರೆ ಪ್ರತಿ ಸಲವೂ ತರುತ್ತಿರಲಿಲ್ಲ. ಕೆಲವೊಮ್ಮೆ ಎಲ್ಲರ ಜೊತೆ ಸುಮ್ಮನೆ ಹೂಂ ಎಂದು ಬರುತ್ತಿದ್ದಳು. ಮನೆಗೆ ಬಂದು ಕಾಲು ಚಾಚಿ, "ಇವತ್ತು ನನಗ ಏನೂ ತಿಳೀಲಿಲ್ಲ ನೋಡ್ರಿ" ಎನ್ನುತ್ತಿದ್ದಳು.

ಈಗ ಆ ಕೊನೆಯ ವಿಷಯಕ್ಕೆ ಬರುತ್ತೇನೆ. ಸಂತೆಕಲ್ಲೂರಿನ ಹುಲಿಗೆಮ್ಮ ಎಂಬ ಹುಡುಗಿ ಆ ಹಾಸ್ಟೆಲಿನಲ್ಲಿದ್ದಳು. ಓದಿನಲ್ಲಿ ಚುರುಕು. ಅಪ್ಪ ದುರಗಪ್ಪ ಕೂಲಿಗೆ ಹೋಗುವವನು. ತಿಂಗಳ ಕೊನೆಗೆ ಊರಿಗೆಂದು ಸಿಂಧನೂರಿನಲ್ಲಿ ಬಸ್ ಹತ್ತಿದವಳು ಸಂಜೆಯಾದರೂ ಮನೆ ಮುಟ್ಟಲಿಲ್ಲ. ಗಿರಿಜಮ್ಮ ಗಾಬರಿಯಾಗಿ ಎಲ್ಲರಿಗೂ ಫೋನ್ ಮಾಡಿದರು. ಮಸ್ಕಿ ಬಸ್ ನಿಲ್ದಾಣದಲ್ಲಿ ಹುಡುಕಿದವರು ನಾನು, ಸುಜಾತಾ. ನಿಂತ ಒಂದೊಂದು ಬಸ್ಸನ್ನೂ ಆಕೆ ಎರಡೆರಡು ಸಲ ಹತ್ತಿ ಇಳಿದದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ನೋಡಿದರೆ ಹುಡುಗಿ ಮಸ್ಕಿಯ ಗೆಳತಿಯರ ಜೊತೆ ಇಲ್ಲಿಯೇ ಇಳಿದು, ಬೆಟ್ಟ ಹತ್ತಿ ಕೂತು, ಮುಂದೆ ಒಬ್ಬಳೇ ಹತ್ತಬೇಕಿದ್ದ ಸಂತೆಕಲ್ಲೂರಿನ ಬಸ್ ತಪ್ಪಿಸಿಕೊಂಡಿದ್ದಳು. ಬೆಟ್ಟದಿಂದ ನಗುತ್ತಲೇ ಇಳಿದು ಬಂದಳು. ನಮ್ಮ ಮುಖ ನೋಡಿ ನಗು ನಿಲ್ಲಿಸಿದಳು. ಅವಳನ್ನು ಊರಿಗೆ ಬಿಟ್ಟು ಬರುವಾಗ ಸುಜಾತಾ, "ಒಬ್ಬಾಕಿನ್ನ ಕಳಸಬಾರದ್ರೀ ಇನ್ಮ್ಯಾಲ" ಎಂದಳು. ಇದೂ ನನಗೆ ಚೆನ್ನಾಗಿ ನೆನಪಿದೆ.

ಲಿಂಗಸುಗೂರಿನ ಸಭೆಯಲ್ಲಿ ಅದೇ ಮಾತಾಯಿತು. ಊರಿಗೆ ಹೋಗುವ ಹುಡುಗಿಯನ್ನು ಮನೆಯ ಗಂಡಸರು ಬಂದು ಕರೆದೊಯ್ಯಬೇಕು, ಅವರೇ ತಂದು ಬಿಡಬೇಕು. ಯಾರೂ ಬಾರದಿದ್ದರೆ ಹುಡುಗಿಯನ್ನು ಕಳಿಸುವಂತಿಲ್ಲ. ಐವರೂ ಹೂಂ ಎಂದರು. ಸುಜಾತಾಳೂ ಎಂದಳು. ಎರಡನೇ ಸಲ ಕೇಳುವುದು ಸಿಂಧನೂರಿನಲ್ಲಿ ಎಂದು ನಿಶ್ಚಯವಾಯಿತು. ಆ ಎರಡರ ನಡುವೆ ಬಂದದ್ದು, ಮೊದಲು ಹೇಳಿದೆನಲ್ಲ, ಆ ಬೆಳಗು.

ಸುಜಾತಾಳ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಬುದ್ಧವಂದನೆ ಮುಗಿದು ಜನ ಏಳುತ್ತಿದ್ದಾಗ ದುರಗಪ್ಪ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಮಿಸ್ತ್ರೀ, ಈಗ ಕೇಳಬಾರದು, ಖರೆ" ಎಂದ. ನನ್ನನ್ನು ಎಲ್ಲರೂ ಮಿಸ್ತ್ರಿ ಎಂದೇ ಕರೆಯುವುದು.

"ಕೇಳು."

"ಕೆಲಸ ಬಿಟ್ಟು ತಿಂಗಳಾ ತಿಂಗಳಾ ಸಿಂಧನೂರಿಗೆ ಹೋಗೂದು ಬರೂದು ನನ್ನ ಕಡಿಂದ ಆಗಂಗಿಲ್ರೀ. ಹುಡುಗಿನ್ನ ಕಾಲೇಜ್ ಬಿಡಿಸ್ತೀನಿ ಅಂತ ಸಿಸ್ಟರಿಗೆ ಹೇಳಿದ್ದೆ. 'ಸ್ವಲ್ಪ ತಡಿ, ಸಿಂಧನೂರಾಗ ಕೂಡ್ರೂದೈತಿ' ಅಂದಿದ್ರು. ತಡದೀನಿ. ಈಗ ಯಾರ್ನ ಕೇಳ್ಲಿ?"

ಆಗ ನನಗೆ ಎಲ್ಲ ತಿಳಿದಂತೆ ಆಯಿತು. ಆ ಹುಡುಗಿಗಾಗಿ ಸುಜಾತಾ ಮನಸ್ಸು ಬದಲಿಸಿರಬೇಕು ಎಂದುಕೊಂಡೆ. ಅವನು ಎದ್ದು ಹೋದ ಮೇಲೆ ಬಸ್ ನಿಲ್ದಾಣದಲ್ಲಿ ಒಂದೇ ಬಸ್ಸನ್ನು ಎರಡೆರಡು ಸಲ ಹತ್ತಿ ಇಳಿದ ಸುಜಾತಾ ನೆನಪಿಗೆ ಬಂದಳು. ಮತ್ತೆ ಏನೂ ತಿಳಿಯದಾಯಿತು. ಬೇರೆಯೇ ಒಂದು ಹೊಳೆದಿದೆ ಎಂದಿದ್ದಳು. ಹುಡುಗಿಯರನ್ನು ಹಾಗೇ ಬಿಡಿ ಎಂದಾದರೆ ಅದರಲ್ಲಿ ಬೇರೆಯದು ಏನಿದೆ?

ಸಿಂಧನೂರಿನ ಸಭೆಗೆ ನನ್ನನ್ನೂ ಕರೆದರು. ಸಂತಾಪ ಹೇಳಲಿಕ್ಕೆ ಎಂದು ಮಾಸ್ತರು ಫೋನಿನಲ್ಲಿ ಅಂದಿದ್ದರು. ಹೋದೆ. ಹಾಸ್ಟೆಲಿನ ಊಟದ ಕೋಣೆಯಲ್ಲಿ ಚಾಪೆ ಹಾಸಿದ್ದರು. ಎದ್ದು ನಿಂತು ಮೌನ ಆಚರಿಸಿದೆವು. ಒಳಗೆ ಕುಕ್ಕರ್ ಕೂಗಿತು, ಗಿರಿಜಮ್ಮ ಓಡಿ ಹೋಗಿ ಆರಿಸಿ ಬಂದು ಮತ್ತೆ ನಿಂತರು. ನನಗೆ ಯಾಕೋ ನಗು ಬಂತು. ಸುಜಾತಾ ಇದ್ದಿದ್ದರೆ ನಗುತ್ತಿದ್ದಳು. ಅದೊಂದು ಮಾತ್ರ ನನಗೆ ಖಾತ್ರಿ.

ಕೂತ ಮೇಲೆ ಗೌಡರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. "ಸಿಸ್ಟರ್ ಕಡೀ ಮಾತು ಲಿಂಗಸುಗೂರಾಗ ಆಡ್ಯಾರ. ಹುಡುಗ್ಯಾರ್ನ ಒಬ್ಬೊಬ್ಬರ್ನ ಕಳಸೂದು ಬ್ಯಾಡ ಅಂದಾರ. ಅವರ ಹೆಸರಲೇ ಅದನ್ನ ಮಂಜೂರ್ ಮಾಡಿಬಿಡೂಣು. ಕಡೀ ಮಾತಿಗೆ ಇಷ್ಟರ ಮರ್ಯಾದಿ ಕೊಡೂಣು."

"ಅದು ಅರ್ಧಾ ಮಾತು, ಗೌಡ್ರ," ಎಂದರು ಆಪಾ. "ಎರಡನೇ ಊರಾಗ ಹೇಳೇ ಇಲ್ಲ."

"ಹೇಳಾಕ ಈಗ ಅವರೆಲ್ಲಿ ಅದಾರವಾ?"

"ಅವರಿಲ್ಲ ಅಂತ ಅವರ ಮಾತು ನೀವು ಹೇಳ್ತೀರೇನು ಮತ್ತ? ಬಾರದವರ ಮಾತು ಬಂದವರು ಹೇಳಬಾರದು ಅಂತ ಇದ ಗೋಡಿ ಮುಂದ ಕುಂತು ಒಪ್ಪೀರಿ. ಭೂಲ್ ಗಯೇ, ಮರತ್ರೇನು?"

ದನಿಗಳು ಏರಿದವು. ಬಾಗಿಲ ಆಚೆ ಹುಡುಗಿಯರ ಪಿಸುಮಾತು ನಿಂತಿತು. ಮಾಸ್ತರು ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿ, ನನ್ನ ಕಡೆ ತಿರುಗಿದರು. "ಮಿಸ್ತ್ರಿ, ಮನ್ಯಾಗ ಏನರ ಅಂದಿದ್ರೇನು?"

ನಿಮಗೆ ಮೊದಲೇ ಹೇಳಿದ್ದನ್ನು ಅವರಿಗೂ ಹೇಳಿದೆ. ಬೇರೆಯೇ ಒಂದು ಹೊಳೆದಿದೆ ಎಂದಿದ್ದಳು, ಸಿಂಧನೂರಿನಲ್ಲಿ ಹೇಳುತ್ತೇನೆ ಎಂದಿದ್ದಳು.

"ಏನ್ ಹೊಳದಿತ್ತಂತ?" ಗೌಡರು ಮುಂದೆ ಬಗ್ಗಿದರು.

"ಹೇಳಲಿಲ್ರೀ."

"ನೀವು ಕೇಳಲಿಲ್ಲೇನು?"

"ಕೇಳೀನ್ರೀ. ನಿಮ್ಮ ರಿವಾಜು ಅಡ್ಡ ಬಂತು."

ನಾಲ್ಕು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗ ನನಗೆ ಒಂದು ವಿಷಯ ಗೊತ್ತಾಯಿತು. ಆ ಹೊತ್ತಿಗೆ ನಾನು ಏನು ಹೇಳಿದರೂ ಅದು ನಡೆಯುತ್ತಿತ್ತು. ಹುಡುಗಿಯರನ್ನು ಅವರ ಪಾಡಿಗೆ ಹೋಗಲು ಬಿಡಿ ಎಂದಿದ್ದಳು ಎಂದರೆ ಗೌಡರೂ ಕಣ್ಣೊರೆಸಿಕೊಂಡು ಹೂಂ ಎನ್ನುತ್ತಿದ್ದರು. ಹುಲಿಗೆಮ್ಮನ ಕಾಲೇಜು ಉಳಿಯುತ್ತಿತ್ತು. ದುರಗಪ್ಪನ ಮುಖ ಕಣ್ಣ ಮುಂದೆ ಬಂತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಯಾಕೆ ಹೇಳಲಿಲ್ಲ ಎಂದರೆ, ಸತ್ಯವಂತನೆಂದು ಅಲ್ಲ. ಗಿರಾಕಿಗಳಿಗೆ ನಾಳೆ ಮೋಟಾರು ಕೊಡುತ್ತೇನೆಂದು ದಿನಾ ಸುಳ್ಳು ಹೇಳುವವನು ನಾನು. ನನಗೆ ಬೇರೆ ಅಂಜಿಕೆ ಹುಟ್ಟಿತು. ಒಮ್ಮೆ ಹೇಳಿಬಿಟ್ಟರೆ ಅದೇ ಆಕೆಯ ಮಾತಾಗುತ್ತದೆ. ನಾಲ್ಕು ಜನ ಅದನ್ನೇ ಹೇಳುತ್ತಾರೆ. ಸ್ವಲ್ಪ ದಿನ ಕಳೆದರೆ ನನಗೂ ಆಕೆ ಹಾಗೇ ಅಂದಿದ್ದಳು ಎನಿಸಲು ಶುರುವಾಗುತ್ತದೆ. ಚಪ್ಪಲಿ ಮೆಟ್ಟುತ್ತ ನಗುತ್ತಿದ್ದ ಆ ಮುಖದ ಮೇಲೆ ನನ್ನ ಮಾತು ಕೂತುಬಿಡುತ್ತದೆ.

ನಾನು ಸುಮ್ಮನಾದದ್ದೇ ತಡ, ಎಲ್ಲರೂ ಊಹಿಸಲು ಹತ್ತಿದರು. ಸಿಸ್ಟರ್ ಬಿಗಿ ಹೆಂಗಸು, ಶಿಸ್ತು ಬೇಕು ಎನ್ನುತ್ತಿದ್ದಳು ಎಂದರು ಗೌಡರು. ಆಪಾ ತಲೆ ಅಲ್ಲಾಡಿಸಿ, "ಆಕಿ ಹದಿನಾರು ವರ್ಷಕ್ಕ ಒಬ್ಬಾಕೀನ ರಾಯಚೂರಿಗೆ ನರ್ಸಿಂಗ್ ಕಲಿಯಾಕ ಹೋದಾಕಿ. ಹುಡುಗ್ಯಾರಿಗೆ ಬ್ಯಾಡ ಅಂತಿದ್ಲೇನು?" ಎಂದರು. ಗಿರಿಜಮ್ಮ ಮೆಲ್ಲಗೆ, "ನನ್ನ ಮುಂದ ಅಳತಿದ್ರು ಒಮ್ಮೊಮ್ಮೆ, ತಮಗ ಮಗಳಿಲ್ಲ ಅಂತ" ಎಂದರು. ನಾನು ಆಕೆ ಅತ್ತದ್ದನ್ನು ಕಂಡೇ ಇರಲಿಲ್ಲ. ಚಾಪೆಯ ಮೇಲೆ ಕೂತು ಒಬ್ಬೊಬ್ಬರ ಬಾಯಿಂದ ಒಬ್ಬೊಬ್ಬ ಸುಜಾತಾ ಎದ್ದು ಬರುವುದನ್ನು ನೋಡುತ್ತಿದ್ದೆ. ಯಾರೂ ಪೂರ್ತಿ ಸುಳ್ಳು ಅನಿಸಲಿಲ್ಲ. ನಮ್ಮ ಮನೆಯವಳು ಇವರಲ್ಲಿ ಯಾರು ಎಂಬುದೂ ತಿಳಿಯಲಿಲ್ಲ.

ಮಾಸ್ತರು ಚಾಪೆಯ ಮೇಲೆ ಕೈ ಬಡಿದರು. "ಸಾಕು. ಬಾರದವರ ಮಾತು ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ಸತ್ತವರಿಗೂ ಅದ ರಿವಾಜು. ಮಿಸ್ತ್ರೀ, ಅವರ್ದು ಬಿಡ್ರಿ. ನಿಮ್ದು ಹೇಳ್ರಿ. ನಿಮಗೇನು ಅನಸ್ತೈತಿ?"

"ನಾ ಮೆಂಬರ್ ಅಲ್ರೀ."

"ಇಷ್ಟು ವರ್ಷ ಅಡಗಿಮನ್ಯಾಗ ಕಿವಿ ಕೊಟ್ಟು ನಿಂತೀರಿ, ಮ್ಯಾಲೆ ಅಂಥಾ ಚಹಾ ಕುಡಿಸೀರಿ," ಎಂದರು ಆಪಾ. "ಅದನ್ನ ಸಹಿಸಿದವ್ರು ನಾವು. ಹೇಳ್ರಿ ಭಾಯ್."

"ನನಗ ತಿಳೀವಲ್ದು," ಎಂದೆ. ಅದಕ್ಕಿಂತ ಬೇರೆ ನನ್ನ ಬಳಿ ಇರಲಿಲ್ಲ.

ಗೌಡರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ತಲೆಯ ಟೋಪಿ ತೆಗೆದು ಪಕ್ಕಕ್ಕಿಟ್ಟು, "ನನಗೂ ತಿಳೀವಲ್ದು" ಎಂದರು. "ಖರೆ ಹೇಳ್ತೀನಿ, ಲಿಂಗಸುಗೂರಾಗ ಸಿಸ್ಟರ್ ಹೂಂ ಅಂದ್ರಲ್ಲ ಅಂತ ನಾ ಹೂಂ ಅಂದೀನಿ."

ಆಪಾ ಅವರನ್ನೇ ನೋಡಿದರು. "ನಾನೂ."

ಗಿರಿಜಮ್ಮನೂ ಅದನ್ನೇ ಹೇಳಿದರು. ಸುಜಾತಾ ಯಾರನ್ನು ನೋಡಿ ಹೂಂ ಎಂದಿದ್ದಳೋ. ಇವರೆಲ್ಲ ಒಪ್ಪುತ್ತಿದ್ದಾರಲ್ಲ ಎಂದೇ ಆಕೆಯೂ ಒಪ್ಪಿರಬಹುದು. ಇಷ್ಟೆಲ್ಲ ಕಟ್ಟುಪಾಡು ಮಾಡಿಕೊಂಡ ಜನ, ಒಬ್ಬರಿಗೊಬ್ಬರು ಒರಗಿಕೊಂಡು ಕೂತಿದ್ದರು. ಅದರಲ್ಲಿ ಒಬ್ಬಳು ಎದ್ದು ಹೋದಳು, ಉಳಿದವರು ವಾಲಿದರು.

ಯಾರಿಗೂ ದಿಕ್ಕು ತೋಚದೆ ಗಿರಿಜಮ್ಮ ಬಾಗಿಲು ತೆಗೆದು, "ಹುಲಿಗೀ, ಕದಾ ಹಿಡಕೊಂಡು ನಿಂತಿದ್ದು ಸಾಕು, ಒಳಗ ಬಾ" ಎಂದರು. ಹುಡುಗಿ ಬಂದು ಗೋಡೆಗೆ ಆತು ನಿಂತಳು.

"ನಿನಗ ಏನ್ ಬೇಕವಾ?" ಮಾಸ್ತರು ಕೇಳಿದರು.

"ಅಪ್ಪ ಬಂದ್ರ ಅವಂದು ಕೆಲಸ ಹಾಳ್ರೀ. ನಾ ಒಬ್ಬಾಕಿ ಹೋದ್ರ ನಿಮಗ ಅಂಜಿಕಿ. ನಾ ಊರಿಗೇ ಹೋಗಂಗಿಲ್ಲ ಬಿಡ್ರಿ. ಇಲ್ಲೇ ಇರ್ತೀನಿ."

"ಅವ್ವನ್ನ ನೋಡೂದು ಬ್ಯಾಡೇನು?" ಎಂದರು ಗೌಡರು.

"ಬೇಕ್ರೀ," ಎಂದಳು. ಅಷ್ಟೇ. ಆಮೇಲೆ ನೆಲ ನೋಡಿದಳು. ಇದರಿಂದ ಏನೂ ಬಗೆಹರಿಯಲಿಲ್ಲ, ಎಲ್ಲ ಇನ್ನಷ್ಟು ಕಲಸಿಹೋಯಿತು. ಆದರೆ ಆ ಮೇಲೆ ಯಾರೂ ಸಿಸ್ಟರ್ ಏನೆನ್ನುತ್ತಿದ್ದರು ಎಂದು ಕೇಳಲಿಲ್ಲ. ನೀನು ಯಾವ ಬಸ್ಸಿಗೆ ಹೋಗುತ್ತೀ, ಆ ದಾರಿಯವರು ಇನ್ನಾರಿದ್ದಾರೆ ಎಂದು ಹುಡುಗಿಯನ್ನೇ ಕೇಳತೊಡಗಿದರು. ಮಾತು ಬೆಳೆದು ಒಂದು ಕಡೆಗೆ ಬಂತು. ಒಂದೇ ದಾರಿಯ ಹುಡುಗಿಯರು ಕೂಡಿಯೇ ಹೋಗಬೇಕು. ಬಸ್ ಹತ್ತಿದಾಗ ಒಮ್ಮೆ, ಮನೆ ಮುಟ್ಟಿದ ಮೇಲೆ ಒಮ್ಮೆ ಗಿರಿಜಮ್ಮನಿಗೆ ಫೋನ್ ಬರಬೇಕು. ಯಾರೂ ಕರೆಯಲು ಬರಬೇಕಾಗಿಲ್ಲ. ಬೆಟ್ಟ ಹತ್ತುವಂತಿಲ್ಲ ಎಂದು ಗೌಡರು ಸೇರಿಸಿದರು. ಹುಡುಗಿ ಆಗ ನಕ್ಕಳು.

ಎರಡನೇ ಸಲ ಕೇಳುವುದು ಮಸ್ಕಿಯಲ್ಲಿ, ನಮ್ಮ ಮನೆಯಲ್ಲಿ. ನಡುವಿನ ದಿನಗಳಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಗೌಡರು ಮಾತ್ರ ಫೋನ್ ಮಾಡಿ ಮಳೆಯ ಬಗ್ಗೆ ವಿಚಾರಿಸಿದರು. ಮೆಂಬರ್ ಅಲ್ಲದಿದ್ದರೂ ಈಗ ನನ್ನನ್ನೂ ಕೇಳುತ್ತಿದ್ದರು, ನಾನು ಮನೆಯವನಾದ್ದರಿಂದ ಕೊನೆಗೆ ಮಾತಾಡಬೇಕಿತ್ತು. ಎಲ್ಲರೂ ಹೂಂ ಎಂದ ಮೇಲೆ ನನ್ನ ಸರದಿ ಬಂತು. ಚಹಾದ ತಟ್ಟೆ ಕೈಯಲ್ಲೇ ಇತ್ತು. "ಮಸ್ಕ್ಯಾಗ ಬಸ್ ತಪ್ಪಿದ್ರ ಹುಡುಗ್ಯಾರು ನಮ್ಮನಿಗೆ ಬರಲಿ" ಎಂದೆ. ಒಳ್ಳೆಯ ಮಾತು ಆಡಿದೆ ಎಂದು ನನಗೆ ನಾನೇ ಖುಷಿಪಟ್ಟೆ.

ಗೌಡರು ಬಟ್ಟಲು ಕೆಳಗಿಟ್ಟರು. "ತಪ್ಪು ತಿಳಕೋಬ್ಯಾಡ ತಮ್ಮಾ. ಸಿಸ್ಟರ್ ಇದ್ದಾಗ ಬ್ಯಾರೆ. ಈಗ ಒಬ್ಬ ಗಂಡಸು ಇರೂ ಮನಿ. ಊರು ನಾಕು ಮಾತಾಡ್ತೈತಿ, ಅದು ಆ ಹುಡುಗ್ಯಾರಿಗೆ ಹತ್ತತೈತಿ."

ನನಗೆ ಕೆಟ್ಟದೆನಿಸಿತು. ಮನೆ ಅದೇ, ಬಾಗಿಲು ಅದೇ. ಒಬ್ಬಳು ಇಲ್ಲವೆಂದ ಕೂಡಲೇ ಅದು ಹುಡುಗಿಯರು ಬಾರದ ಮನೆಯಾಗಿತ್ತು. ಆದರೆ ಗೌಡರು ಹೇಳಿದ್ದು ತಪ್ಪೆನ್ನಲೂ ಆಗಲಿಲ್ಲ. ಆಪಾ ನನ್ನ ಕೈಯ ತಟ್ಟೆ ತೆಗೆದುಕೊಂಡು, "ಮನಿ ಯಾಕ್ರೀ? ನಿಮ್ಮ ಅಂಗಡಿ ನಿಲ್ದಾಣದ ಹತ್ತೀರ, ರಸ್ತೆ ಬದೀಗೇ ಐತಿ. ಮುಂದೊಂದು ಬೆಂಚ್ ಹಾಕ್ರಿ, ನಾಕು ಮಂದಿ ಕಣ್ಣ ಮುಂದ ಕುಂದರತಾರ" ಎಂದರು. ಅದಕ್ಕೂ ಎರಡು ಸಲ ಕೇಳಬೇಕಲ್ಲ. ಮುಂದಿನ ಸಭೆಯಲ್ಲಿ, ಲಿಂಗಸುಗೂರಿನಲ್ಲಿ, ಬೆಂಚಿಗೂ ಎಲ್ಲರೂ ಹೂಂ ಎಂದರು. ಅಲ್ಲೊಮ್ಮೆ, ಅದರ ಮುಂದಿನ ಊರಿನಲ್ಲೊಮ್ಮೆ ಕೇಳಿ ನನ್ನನ್ನು ಮಂಡಳಿಗೆ ತೆಗೆದುಕೊಂಡರು. ಸುಜಾತಾಳ ಜಾಗಕ್ಕೆ ಎಂದು ಯಾರೂ ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಈಗ ತಿಂಗಳ ಕೊನೆಯಲ್ಲಿ ಅಂಗಡಿಯ ಮುಂದೆ ಗದ್ದಲ. ಕಾಪರ್ ತಂತಿಯ ಸುತ್ತು ಎಣಿಸುವಾಗ ಅವರ ನಗುವಿಗೆ ಲೆಕ್ಕ ತಪ್ಪುತ್ತದೆ, ಬಿಚ್ಚಿ ಮತ್ತೆ ಸುತ್ತುತ್ತೇನೆ. ಹುಲಿಗೆಮ್ಮ ಎರಡನೇ ವರ್ಷಕ್ಕೆ ಬಂದಿದ್ದಾಳೆ. ಮೊನ್ನೆ ಬ್ಯಾಗ್ ಕಾಲ ಮೇಲಿಟ್ಟುಕೊಂಡು ಕೂತವಳು ಇದ್ದಕ್ಕಿದ್ದಂತೆ ಕೇಳಿದಳು.

"ಅಂಕಲ್, ಕೂಡಿ ಹೋಗ್ರಿ ಅಂತ ಮಾಡಿದ್ದು ಸಿಸ್ಟರ್ ವಿಚಾರ ಇತ್ತೇನ್ರೀ?"

"ತಿಳೀದವಾ," ಎಂದೆ.

ಅವಳು ಬ್ಯಾಗ್ ಹೆಗಲಿಗೇರಿಸಿಕೊಳ್ಳುತ್ತ, "ಇದಕ್ಕಿಂತ ಚಲೋದು ಹೇಳತಿದ್ರೇನೋ" ಎಂದಳು. ಬಸ್ ಬಂತು. ಎಲ್ಲರೂ ಓಡಿದರು. ಅದೂ ಇರಬಹುದು ಎಂದು ನಾನು ಕೂತಲ್ಲೇ ಹೇಳಿಕೊಂಡೆ. ಇದಕ್ಕಿಂತ ಕೆಟ್ಟದೂ ಇದ್ದಿರಬಹುದು. ಆಕೆಯ ಎಲ್ಲ ಮಾತೂ ಚಿನ್ನವಾಗಿರಲಿಲ್ಲ.

ಸಭೆಗಳಲ್ಲಿ ಈಗ ನಾನೂ ಮಾತಾಡುತ್ತೇನೆ. ಹೂಂ ಎನ್ನುವ ಮೊದಲು ಯಾರ ಮುಖ ನೋಡುತ್ತಿದ್ದೇನೆ ಎಂದು ಒಮ್ಮೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅಲ್ಲಿ ಅದು ಹೇಗೋ ನಡೆಯುತ್ತದೆ. ನಾನು ತಪ್ಪಿದರೆ ಆಪಾ ಇದ್ದಾರೆ, ಗೌಡರು ಇದ್ದಾರೆ, ಮುಂದಿನ ಊರಿದೆ. ಮನೆಗೆ ಬಂದರೆ ಮಾತ್ರ ಸಣ್ಣಸಣ್ಣದೂ ತಿಳಿಯುವುದಿಲ್ಲ. ಹೋದ ವಾರ ಮಂಚವನ್ನು ಕಿಟಕಿಯ ಕಡೆ ಸರಿಸಿದೆ. ಮರುದಿನ ಮೊದಲಿದ್ದಲ್ಲಿಗೇ ತಂದಿಟ್ಟೆ. ನಿನ್ನೆ ಮತ್ತೆ ಕಿಟಕಿಯ ಕಡೆಗೆ ಎಳೆದೆ. ಎಲ್ಲಿಟ್ಟರೂ ಸರಿಯೇ ಅನಿಸುತ್ತದೆ. ಅಲ್ಲಿ ಬೇಡ ಎನ್ನುವವರು ಮನೆಯಲ್ಲಿ ಇಲ್ಲ.